ಲ್ಯಾಬಿಗೆ ಶುದ್ಧ ಕರೆಂಟ್: ಕಲಬುರಗಿ ಸೀಮೆಯ ಸಂಶೋಧನಾ ಕೇಂದ್ರಗಳಲ್ಲಿ ಹಾರ್ಮೋನಿಕ್ಸ್ ತಗ್ಗಿಸುವ ಸಮಗ್ರ ಮಾರ್ಗದರ್ಶಿ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಹೊರಗೆ 42 ಡಿಗ್ರಿ ಬಿಸಿಲು. ಪ್ಯಾನಲ್ ರೂಮಿನ ಬಾಗಿಲು ತೆಗೆದರೆ ಸುಟ್ಟ ವಾಸನೆ. ಕೆಪಾಸಿಟರ್ ಡಬ್ಬಿಗಳು ಹೊಟ್ಟೆ ಉಬ್ಬಿಸಿಕೊಂಡು ನಿಂತಿದ್ದವು. ನಾನು ಆಗ ನೋಡಿಕೊಳ್ಳುತ್ತಿದ್ದ ಲ್ಯಾಬಿನಲ್ಲಿ ಎರಡು ವರ್ಷದೊಳಗೆ ಇದು ಮೂರನೇ ಸಲ. ಮೊದಲೆರಡು ಸಲ "ಬಿಸಿಲಿಗೆ ಹೋಗಿದೆ" ಅಂದುಕೊಂಡು ಹೊಸದು ತಂದು ಕೂರಿಸಿದ್ದೆವು. ಮೂರನೇ ಸಲ ಒಂದು ವಾರ ಮೀಟರ್ ಕಟ್ಟಿ ಅಳೆದೆವು. ಬಿಸಿಲಿನ ತಪ್ಪು ಸ್ವಲ್ಪವೇ ಇತ್ತು. ದೊಡ್ಡ ತಪ್ಪು ನಮ್ಮ ಟಿಸಿಗೂ (ಟ್ರಾನ್ಸ್‌ಫಾರ್ಮರಿಗೂ) ಕೆಪಾಸಿಟರಿಗೂ ಆಗಿದ್ದ ಕೆಟ್ಟ ಜೋಡಿಯದ್ದು. ಆ ಲೆಕ್ಕ ಮುಂದೆ ಹೇಳುತ್ತೇನೆ, ಎರಡು ಸಾಲಿನ ಲೆಕ್ಕ ಅದು.

ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಗುಲಬರ್ಗಾ ವಿಶ್ವವಿದ್ಯಾಲಯ, ಬೀದರಿನ ಪಶು ವೈದ್ಯಕೀಯ ವಿಶ್ವವಿದ್ಯಾಲಯ, ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರ, ಭೀಮರಾಯನಗುಡಿಯ ಕೃಷಿ ಕಾಲೇಜು. ನಮ್ಮ ಮೂರು ಜಿಲ್ಲೆಗಳಲ್ಲಿ ಸಂಶೋಧನೆ ನಡೆಯುವ ಜಾಗ ಈಗ ಕಡಿಮೆಯೇನಿಲ್ಲ. ಇಂಥ ಕಡೆ ಎಲೆಕ್ಟ್ರಿಕಲ್ ಜವಾಬ್ದಾರಿ ಹೊತ್ತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಂತ್ರ ಪದೇ ಪದೇ ಕೈಕೊಡುತ್ತಿದೆ ಎಂದು ಬೇಸತ್ತ ಸಂಶೋಧಕರೂ ಓದಬಹುದು. ಇಲ್ಲಿ ಕೆಲಸದ ಕ್ರಮ ಮುಖ್ಯ. ಖರ್ಚು ಕಡಿಮೆ ಇರುವ ಕೆಲಸ ಮೊದಲು, ದುಬಾರಿ ಪೆಟ್ಟಿಗೆ ಕೊನೆಗೆ. ಅಳೆಯುವ ತನಕ ಏನನ್ನೂ ಕೊಳ್ಳಬೇಡಿ.

ಹಾರ್ಮೋನಿಕ್ಸ್ ಅಂದರೆ ಏನು

ಜೆಸ್ಕಾಂ (ನಮ್ಮ ಕಡೆಯ ವಿದ್ಯುತ್ ಕಂಪನಿ) ಲೈನಿನಲ್ಲಿ ಬರುವ ವೋಲ್ಟೇಜು ಸೆಕೆಂಡಿಗೆ 50 ಸಲ ಏರಿ ಇಳಿಯುವ ನುಣುಪಾದ ಅಲೆ. ಹಳೆಯ ಬಲ್ಬು, ಹೀಟರ್ ಇವೆಲ್ಲ ಆ ಅಲೆಯ ಉದ್ದಕ್ಕೂ ಸಮವಾಗಿ ಕರೆಂಟು ಎಳೆಯುತ್ತವೆ. ಕಂಪ್ಯೂಟರ್, ಎಲ್‌ಇಡಿ ದೀಪ, ಯುಪಿಎಸ್, ಮೋಟರಿನ ವೇಗ ಬದಲಿಸುವ ಡ್ರೈವ್ ಹಾಗಲ್ಲ. ಅವು ಅಲೆಯ ತುದಿ ಬರುವ ತನಕ ಕಾಯುತ್ತವೆ, ತುದಿ ಬಂದ ಕೂಡಲೇ ಗಬಕ್ಕನೆ ಕಚ್ಚುತ್ತವೆ. ಆ ಕಚ್ಚಿದ ಆಕಾರವನ್ನು ಬಿಡಿಸಿ ನೋಡಿದರೆ 50 ಹರ್ಟ್ಸಿನ ಜೊತೆಗೆ 150, 250, 350, 550 ಹರ್ಟ್ಸಿನ ಅಲೆಗಳು ಸೇರಿಕೊಂಡಿರುತ್ತವೆ. ಇವೇ 3, 5, 7, 11ನೇ ಹಾರ್ಮೋನಿಕ್ಸ್.

ಸಿಂಗಲ್ ಫೇಸ್ ಸಾಧನಗಳು ಹೆಚ್ಚಾಗಿ 3ನೆಯದನ್ನು ಹುಟ್ಟಿಸುತ್ತವೆ. ಮೂರು ಫೇಸಿನ ಡ್ರೈವು, ಹಳೆಯ ಯುಪಿಎಸ್ 5 ಮತ್ತು 7ನೆಯದನ್ನು. ಈ ಒಂದು ಗುರುತು ತಲೆಯಲ್ಲಿದ್ದರೆ ಮೀಟರ್ ನೋಡಿದ ಕೂಡಲೇ ಅರ್ಧ ರೋಗ ಗೊತ್ತಾಗುತ್ತದೆ.

ಇವು ಮಾಡುವ ಹಾನಿಯೂ ಬೇರೆ ಬೇರೆ. 3ನೆಯದು ನ್ಯೂಟ್ರಲ್ ಸುಡುತ್ತದೆ. 5ನೆಯದು ಮೋಟರಿನೊಳಗೆ ಉಲ್ಟಾ ತಿರುಗುವ ಕಾಂತಕ್ಷೇತ್ರ ಹುಟ್ಟಿಸಿ ಮೋಟರನ್ನು ಸುಮ್ನೆ ಬಿಸಿ ಮಾಡುತ್ತದೆ. ಟಿಸಿಯ ಸುರುಳಿಯಲ್ಲಿ ಎಡ್ಡಿ ನಷ್ಟ (ಲೋಹದೊಳಗೆ ಸುಳಿಯಾಗಿ ಸುತ್ತುವ ಕರೆಂಟಿನ ಬಿಸಿ) ಹಾರ್ಮೋನಿಕ್ ಸಂಖ್ಯೆಯ ವರ್ಗದಂತೆ ಏರುತ್ತದೆ. ಅಂದರೆ 7ನೆಯ ಹಾರ್ಮೋನಿಕ್ಕಿನ ಒಂದು ಆಂಪಿಯರು 50 ಹರ್ಟ್ಸಿನ ಒಂದು ಆಂಪಿಯರಿಗಿಂತ 49 ಪಟ್ಟು ಎಡ್ಡಿ ಬಿಸಿ ಹುಟ್ಟಿಸುತ್ತದೆ. ನಮ್ಮ ಬೇಸಿಗೆಯಲ್ಲಿ ಟಿಸಿ ಮೊದಲೇ ಬೆಂದಿರುತ್ತದೆ. ಅದರ ಮೇಲೆ ಇದು.

ಹಂತ 1: ನಕ್ಷೆ ಬರೆಯಿರಿ

ಒಂದು ಶನಿವಾರ ಸಾಕು. ಟಿಸಿಯಿಂದ ಕೊನೆಯ ಡಿಬಿ (ಕರೆಂಟು ಹಂಚುವ ಪೆಟ್ಟಿಗೆ) ತನಕ ಒಂದೇ ಹಾಳೆಯಲ್ಲಿ ಗೆರೆ ಎಳೆಯಿರಿ. ಟಿಸಿಯ ಪಟ್ಟಿಯಲ್ಲಿ ಕೆವಿಎ (ಸಾಮರ್ಥ್ಯ) ಎಷ್ಟು, ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಶೇಕಡ ಎಷ್ಟು ಎಂದು ಓದಿ ಬರೆದುಕೊಳ್ಳಿ. ಈ ಶೇಕಡ ಬಹಳ ಬೇಕಾಗುತ್ತದೆ, ಮರೆಯಬೇಡಿ. ಕೆಪಾಸಿಟರ್ ಎಲ್ಲಿ ಎಷ್ಟಿದೆ, ಯುಪಿಎಸ್ ಎಲ್ಲಿದೆ, ಜನರೇಟರ್ ಎಲ್ಲಿ ಸೇರುತ್ತದೆ, ಚಾವಣಿಯ ಸೋಲಾರ್ ಎಲ್ಲಿ ಸೇರುತ್ತದೆ, ಎಲ್ಲವೂ ಬರಲಿ.

ಆಮೇಲೆ ಲೋಡುಗಳನ್ನು ಎರಡು ಗುಂಪು ಮಾಡಿ. ಕೊಳೆ ಮಾಡುವವು ಒಂದು ಕಡೆ: ಡ್ರೈವ್ ಇರುವ ಎಸಿ ಪ್ಲಾಂಟು, ಪಂಪು, ಲಿಫ್ಟು, ಮಫಲ್ ಫರ್ನೇಸು. ಕೊಳೆ ತಾಳದವು ಇನ್ನೊಂದು ಕಡೆ: ಎಲೆಕ್ಟ್ರಾನ್ ಮೈಕ್ರೋಸ್ಕೋಪು, ಎಕ್ಸ್‌ಆರ್‌ಡಿ, ಎಚ್‌ಪಿಎಲ್‌ಸಿ, ಪಿಸಿಆರ್, ಮೈನಸ್ 80ರ ಫ್ರೀಜರು. ಒಂದೇ ಡಿಬಿಯಲ್ಲಿ ಎರಡೂ ಗುಂಪು ಕಂಡರೆ ಅಲ್ಲಿ ಕೆಂಪು ಗುರುತು ಹಾಕಿ.

ಹಂತ 2: ಅಳೆಯಿರಿ

ಮೊದಲ ಸುತ್ತಿಗೆ ಕೈಯಲ್ಲಿ ಹಿಡಿದು ತಂತಿಯ ಸುತ್ತ ಕಚ್ಚಿಸುವ ಟಾಂಗ್ ಟೆಸ್ಟರ್ ಸಾಕು. ಆದರೆ ಅದರ ಮೇಲೆ "ಟ್ರೂ ಆರ್‌ಎಂಎಸ್" ಎಂದು ಬರೆದಿರಲೇಬೇಕು. ಅಗ್ಗದ ಮೀಟರು ಅಲೆ ನುಣುಪಾಗಿದೆ ಎಂದೇ ನಂಬಿ ಲೆಕ್ಕ ಹಾಕುತ್ತದೆ. ಕಂಪ್ಯೂಟರ್ ಲೋಡಿನಲ್ಲಿ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸಿ ಮೋಸ ಮಾಡುತ್ತದೆ.

ಪ್ರತಿ ಡಿಬಿಯಲ್ಲೂ ನಾಲ್ಕು ಸಂಗತಿ ಬರೆದುಕೊಳ್ಳಿ. ಮೂರು ಫೇಸಿನ ಕರೆಂಟು. ನ್ಯೂಟ್ರಲ್ಲಿನ ಕರೆಂಟು. ನ್ಯೂಟ್ರಲ್ಲಿಗೂ ಅರ್ಥಿಗೂ ನಡುವಿನ ವೋಲ್ಟೇಜು. ನಾಲ್ಕನೆಯದನ್ನು ಜಾಸ್ತಿ ಜನ ಮಾಡುವುದಿಲ್ಲ: ಫೇಸು, ನ್ಯೂಟ್ರಲ್ ಎಲ್ಲವನ್ನೂ ಒಟ್ಟಿಗೆ ಸೇರಿಸಿ ಇಡೀ ಕೇಬಲ್ಲಿಗೆ ಟಾಂಗ್ ಹಾಕಿ. ಹೋದ ಕರೆಂಟೆಲ್ಲ ಅದೇ ಕೇಬಲಿನಲ್ಲಿ ವಾಪಸು ಬಂದರೆ ಮೀಟರು ಸೊನ್ನೆಯ ಹತ್ತಿರ ಇರಬೇಕು. 5 ಆಂಪಿಯರು ತೋರಿಸಿದರೆ ಅಷ್ಟು ಕರೆಂಟು ಬೇರೆ ದಾರಿ ಹಿಡಿದು, ಬಹುಶಃ ಅರ್ಥ್ ಪಟ್ಟಿಯ ಮೂಲಕ, ಊರು ಸುತ್ತಿ ವಾಪಸು ಹೋಗುತ್ತಿದೆ ಎಂದರ್ಥ. ಇದು ಯಾಕೆ ಮುಖ್ಯ ಎಂದು ಮುಂದಿನ ಹಂತದಲ್ಲಿ ಹೇಳುತ್ತೇನೆ.

ಎರಡನೇ ಸುತ್ತಿಗೆ ಪವರ್ ಕ್ವಾಲಿಟಿ ಅನಲೈಜರ್ (ಹಾರ್ಮೋನಿಕ್ಸ್ ಬಿಡಿಸಿ ದಾಖಲಿಸುವ ಮೀಟರು) ಬೇಕು. ಐಇಸಿ 61000-4-30ರ ಪ್ರಕಾರ "ಕ್ಲಾಸ್ ಎ" ಎಂದಿರುವುದನ್ನೇ ಬಾಡಿಗೆಗೆ ತನ್ನಿ. ಕೊಳ್ಳುವ ಅಗತ್ಯವಿಲ್ಲ. ಹತ್ತಿರದ ಇಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಿಕಲ್ ವಿಭಾಗವನ್ನೂ ಒಮ್ಮೆ ವಿಚಾರಿಸಿ, ವಿದ್ಯಾರ್ಥಿಗಳಿಗೂ ಒಳ್ಳೆಯ ಪ್ರಾಜೆಕ್ಟು ಸಿಗುತ್ತದೆ. ಟಿಸಿಯ ಕೆಳಗಿನ ಮುಖ್ಯ ಪ್ಯಾನಲಿನಲ್ಲಿ ಪೂರ್ತಿ 7 ದಿನ ಕಟ್ಟಿ. ಭಾನುವಾರವೂ ಸೇರಲಿ. ಅರ್ಧ ಗಂಟೆ ಕಟ್ಟಿ ತೆಗೆದ ರಿಪೋರ್ಟನ್ನು ನಾನು ನಂಬುವುದಿಲ್ಲ. ಲ್ಯಾಬಿನ ಲೋಡು ಗಂಟೆಗೊಂದು ಥರ ಇರುತ್ತದೆ.

ಓದುವಾಗ ಒಂದು ಎಚ್ಚರ. ರಾತ್ರಿ ಲೋಡು ಕಡಿಮೆಯಾದಾಗ ಕರೆಂಟಿನ ಟಿಎಚ್‌ಡಿ (50 ಹರ್ಟ್ಸಿನ ಅಲೆಗೆ ಹೋಲಿಸಿ ಒಟ್ಟು ಹಾರ್ಮೋನಿಕ್ಸಿನ ಪ್ರಮಾಣ) ಶೇಕಡ 40, 50 ಎಂದು ತೋರಿಸಿ ಎದೆ ಝಲ್ಲೆನಿಸುತ್ತದೆ. 20 ಆಂಪಿಯರಿನಲ್ಲಿ 50% ಎಂದರೆ 10 ಆಂಪಿಯರು, ಅಷ್ಟೇ. ಹಗಲಿನ 400 ಆಂಪಿಯರಿನಲ್ಲಿ 15% ಎಂದರೆ 60 ಆಂಪಿಯರು. ತೊಂದರೆ ಕೊಡುವುದು ಎರಡನೆಯದು. ಹಾಗಾಗಿ ಶೇಕಡ ಬಿಡಿ, ಆಂಪಿಯರಿನಲ್ಲಿ ನೋಡಿ. ಐಇಇಇ 519 ಎಂಬ ಮಾನದಂಡ ಕೂಡ ಇದೇ ಕಾರಣಕ್ಕೆ ಗರಿಷ್ಠ ಲೋಡಿಗೆ ಹೋಲಿಸಿ ಲೆಕ್ಕ ಹಾಕುವ ಟಿಡಿಡಿಯನ್ನು ಬಳಸುತ್ತದೆ.

ಆ ಮಾನದಂಡ 2022ರಲ್ಲಿ ಪರಿಷ್ಕರಣೆಯಾಗಿದೆ. ಜೆಸ್ಕಾಂ ಲೈನು ನಿಮಗೆ ಸೇರುವ ಜಾಗ 11 ಕೆವಿ ಆಗಿದ್ದರೆ ಅಲ್ಲಿ ವೋಲ್ಟೇಜಿನ ಟಿಎಚ್‌ಡಿ 5% ಮೀರಬಾರದು, ಒಂದೊಂದು ಹಾರ್ಮೋನಿಕ್ಕೂ 3% ಮೀರಬಾರದು. 1 ಕೆವಿಗಿಂತ ಕೆಳಗೆ ಈ ಮಿತಿ 8% ಮತ್ತು 5%. ಕರೆಂಟಿನ ಮಿತಿ ಲೈನಿನ ಬಲವನ್ನು ನೋಡಿಕೊಂಡು ಬದಲಾಗುತ್ತದೆ. ಶಾರ್ಟ್ ಸರ್ಕಿಟ್ ಕರೆಂಟು ನಿಮ್ಮ ಗರಿಷ್ಠ ಲೋಡಿನ 20 ಪಟ್ಟಿಗಿಂತ ಕಡಿಮೆ ಇದ್ದರೆ ಟಿಡಿಡಿ 5%, 20ರಿಂದ 50 ಪಟ್ಟಾದರೆ 8%, 50ರಿಂದ 100 ಪಟ್ಟಾದರೆ 12%. ಇವು ಲೈನಿಗೆ ಸೇರುವ ಜಾಗದ ಮಿತಿಗಳು, ನಿಮ್ಮ ಒಂದೊಂದು ಯಂತ್ರದ್ದಲ್ಲ.

ಮೀಟರ್ ಕಟ್ಟುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಎದುರಿಗೇ ಆಗಲಿ. ಓಡುತ್ತಿರುವ ಸಿಟಿಯ (ಕರೆಂಟು ಅಳೆಯಲು ಕೂರಿಸುವ ಕರೆಂಟ್ ಟ್ರಾನ್ಸ್‌ಫಾರ್ಮರಿನ) ತುದಿಗಳನ್ನು ಯಾವತ್ತೂ ಬಿಚ್ಚಿ ಬಿಡಬೇಡಿ, ಅಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜು ಹುಟ್ಟುತ್ತದೆ. ಎಚ್‌ಟಿ (ಹೈ ಟೆನ್ಷನ್) ಕಡೆಗೆ ಲೈನ್ ಕ್ಲಿಯರ್ (ಲೈನು ಆಫ್ ಆಗಿದೆ ಎಂಬ ಅನುಮತಿ) ಇಲ್ಲದೆ ಕೈ ಹಾಕಲೇಬೇಡಿ.

ಹಂತ 3: ನ್ಯೂಟ್ರಲ್ ಮತ್ತು ಅರ್ಥಿಂಗ್

ಈ ಹಂತಕ್ಕೆ ಹೆಚ್ಚು ಹಣ ಬೇಡ, ತಾಳ್ಮೆ ಬೇಕು. ಯಂತ್ರದ ಬಗ್ಗೆ ಬರುವ ದೂರುಗಳಲ್ಲಿ ಬಹಳಷ್ಟು ಇಲ್ಲೇ ಮುಗಿದು ಹೋಗುವುದನ್ನು ನಾನು ನೋಡಿದ್ದೇನೆ.

ಮೂರು ಫೇಸಿನಲ್ಲೂ ಸಮ ಲೋಡಿದ್ದರೆ ನ್ಯೂಟ್ರಲ್ಲಿನಲ್ಲಿ ಕರೆಂಟೇ ಇರುವುದಿಲ್ಲ ಎಂದು ನಾವೆಲ್ಲ ಓದಿದ್ದೇವೆ, ಅಲ್ವಾ? 50 ಹರ್ಟ್ಸಿಗೆ ಅದು ನಿಜ. 3ನೇ ಹಾರ್ಮೋನಿಕ್ಕಿಗೆ ಸುಳ್ಳು. ಮೂರೂ ಫೇಸಿನ 3ನೆಯವು ಒಂದೇ ಹೆಜ್ಜೆಯಲ್ಲಿ ನಡೆಯುತ್ತವೆ. ನ್ಯೂಟ್ರಲ್ಲಿನಲ್ಲಿ ಅವು ಕಳೆದು ಹೋಗುವ ಬದಲು ಕೂಡಿಕೊಳ್ಳುತ್ತವೆ. ಪ್ರತಿ ಫೇಸಿನಲ್ಲಿ ಒಟ್ಟು 40 ಆಂಪಿಯರು, ಅದರಲ್ಲಿ 3ನೆಯದು 15 ಆಂಪಿಯರು ಇದ್ದರೆ, ನ್ಯೂಟ್ರಲ್ಲಿನಲ್ಲಿ 45 ಆಂಪಿಯರು ಹರಿಯುತ್ತದೆ. ಫೇಸಿಗಿಂತ ಜಾಸ್ತಿ! ಆದರೆ ನ್ಯೂಟ್ರಲ್ಲಿಗೆ ಎಂಸಿಬಿ ಇರುವುದಿಲ್ಲ. ಹಳೆಯ ಕಟ್ಟಡಗಳಲ್ಲಿ ಫೇಸಿನ ಅರ್ಧ ಗಾತ್ರದ ನ್ಯೂಟ್ರಲ್ ಎಳೆದಿರುವುದೂ ಉಂಟು. ಕಂಪ್ಯೂಟರ್ ಲ್ಯಾಬು, ಸರ್ವರ್ ರೂಮು ಇರುವ ಕಡೆ ನ್ಯೂಟ್ರಲ್ ಲಗ್ಗನ್ನು (ತಂತಿಯ ತುದಿಯ ಜೋಡಣೆಯನ್ನು) ಬಿಸಿ ಅಳೆಯುವ ಕ್ಯಾಮೆರಾದಿಂದ ನೋಡಿ. ಕಪ್ಪಗಾಗಿದ್ದರೆ ಅಂದೇ ಸರಿ ಮಾಡಿಸಿ. ನ್ಯೂಟ್ರಲ್ ತುಂಡಾದರೆ ಸಿಂಗಲ್ ಫೇಸ್ ಯಂತ್ರಗಳಿಗೆ 230ರ ಬದಲು 400ರ ಹತ್ತಿರ ವೋಲ್ಟೇಜು ಹೋಗಿ ಒಂದೇ ಕ್ಷಣದಲ್ಲಿ ಸಾಲಾಗಿ ಸುಡುತ್ತವೆ. ಹೊಸದಾಗಿ ಎಳೆಯುವಾಗ ಇಂಥ ಡಿಬಿಗಳಿಗೆ ಫೇಸಿನ ಎರಡು ಪಟ್ಟು ದಪ್ಪದ ನ್ಯೂಟ್ರಲ್ ಹಾಕಿ.

ನ್ಯೂಟ್ರಲ್ಲಿಗೂ ಅರ್ಥಿಗೂ ಕೊಂಡಿ ಒಂದೇ ಕಡೆ ಇರಬೇಕು, ಟಿಸಿಯ ಹತ್ತಿರ. ಕೆಳಗಿನ ಯಾವುದೋ ಡಿಬಿಯಲ್ಲಿ, ಯುಪಿಎಸ್ಸಿನ ಬೆನ್ನಲ್ಲಿ ಯಾರೋ ಮತ್ತೊಂದು ಕೊಂಡಿ ಹಾಕಿರುತ್ತಾರೆ. ಆಗ ನ್ಯೂಟ್ರಲ್ಲಿನ ಕರೆಂಟು ಅರ್ಥ್ ಪಟ್ಟಿ, ಕಬ್ಬಿಣದ ಪೈಪು, ಕಟ್ಟಡದ ಸರಳು ಎಲ್ಲದರಲ್ಲೂ ಹಂಚಿ ಹರಿಯುತ್ತದೆ. ಹೋಗುವ ದಾರಿ, ಬರುವ ದಾರಿ ದೂರವಾದಷ್ಟೂ ಅವುಗಳ ನಡುವೆ ಕಾಂತಕ್ಷೇತ್ರ ಹರಡುತ್ತದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರದಲ್ಲಿ ನೇರ ಅಂಚುಗಳು ಗರಗಸದ ಹಲ್ಲಿನಂತೆ ಕಂಡರೆ ಮೊದಲು ಇದನ್ನೇ ಅನುಮಾನಿಸಿ. ಇಡೀ ಕೇಬಲ್ಲಿಗೆ ಟಾಂಗ್ ಹಾಕಿ ಅಂದೆನಲ್ಲ, ಆ ಪರೀಕ್ಷೆ ಇದಕ್ಕೇ. ಸೊನ್ನೆ ಬರದ ಡಿಬಿಯಿಂದ ಕೆಳಗೆ ಕೆಳಗೆ ಹುಡುಕುತ್ತಾ ಹೋದರೆ ಕಳ್ಳ ಕೊಂಡಿ ಸಿಗುತ್ತದೆ. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇದ್ದರೆ ಮಾತ್ರ ಅದರ ಸೆಕೆಂಡರಿ (ಕರೆಂಟು ಹೊರಹೋಗುವ) ಕಡೆ ಹೊಸ ಕೊಂಡಿ ಸರಿ, ಅಲ್ಲಿಂದ ಅದು ಹೊಸ ಮೂಲವೇ ಆಗುತ್ತದೆ.

ಈಗ ಅರ್ಥ್ ಪಿಟ್ಟು. ಕಲಬುರಗಿ, ಯಾದಗಿರಿಯ ಎರೆ ನೆಲ ಮಳೆಗಾಲದಲ್ಲಿ ಅರ್ಥಿಂಗಿಗೆ ಹೇಳಿ ಮಾಡಿಸಿದ ಮಣ್ಣು. ಬೇಸಿಗೆಯಲ್ಲಿ ಅದೇ ಮಣ್ಣು ಒಣಗಿ ಬಿರಿಯುತ್ತದೆ. ಎಲೆಕ್ಟ್ರೋಡಿಗೂ ಮಣ್ಣಿಗೂ ನಡುವೆ ಸಂದು ಬಿಡುತ್ತದೆ. ಆಗಸ್ಟಿನಲ್ಲಿ ಅಳೆದು "1 ಓಮ್" ಎಂದು ಬೋರ್ಡು ಬರೆಸಿದ ಪಿಟ್ಟು ಮೇ ತಿಂಗಳಲ್ಲಿ ಎಷ್ಟೋ ಪಟ್ಟು ಏರಿರುತ್ತದೆ. ಅದಕ್ಕೇ ಅರ್ಥ್ ರೆಸಿಸ್ಟೆನ್ಸನ್ನು ಮೇ ತಿಂಗಳಲ್ಲಿ ಅಳೆಯಿರಿ. ಎರೆ ನೆಲದಲ್ಲಿ ಎಲೆಕ್ಟ್ರೋಡಿನ ಸುತ್ತ ಬೆಂಟೊನೈಟ್ ತುಂಬುವುದು ಉಪ್ಪು, ಇದ್ದಿಲಿಗಿಂತ ವಾಸಿ. ಉಪ್ಪು ಮಳೆಗೆ ತೊಳೆದು ಹೋಗುತ್ತದೆ, ಜಿಐ ಪೈಪನ್ನೂ ತಿನ್ನುತ್ತದೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಸ್ವಲ್ಪ ಅಗೆದರೆ ಫರ್ಸಿ ಕಲ್ಲು ಸಿಗುತ್ತದೆ, ಆಳಕ್ಕೆ ಹೋಗುವುದು ಕಷ್ಟ. ಅಲ್ಲಿ ಪಟ್ಟಿಯನ್ನು ಉದ್ದಕ್ಕೆ ಅಡ್ಡವಾಗಿ ಹೂಳಿ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲ ನೀರನ್ನು ಬೇಗ ಬಿಟ್ಟುಕೊಡುತ್ತದೆ. ಅಲ್ಲಿ ಒಂದು ಪಿಟ್ಟಿನ ಬದಲು ಹಲವು ಪಿಟ್ಟು ತೋಡಿ ಒಂದಕ್ಕೊಂದು ಜೋಡಿಸಿ.

ಯಂತ್ರ ಕೂರಿಸಲು ಬಂದವರು "ನಮ್ಮ ಯಂತ್ರಕ್ಕೆ ಬೇರೆ ಕ್ಲೀನ್ ಅರ್ಥ್ ಬೇಕು, ಮುಖ್ಯ ಅರ್ಥಿಗೆ ಸೇರಿಸಬೇಡಿ" ಎನ್ನುತ್ತಾರೆ. ದಯವಿಟ್ಟು ಒಪ್ಪಬೇಡಿ. ಲೆಕ್ಕ ನೋಡಿ. ಆ ಬೇರೆ ಪಿಟ್ಟು 2 ಓಮ್, ಟಿಸಿಯ ನ್ಯೂಟ್ರಲ್ ಪಿಟ್ಟು 1 ಓಮ್ ಎಂದಿಟ್ಟುಕೊಳ್ಳಿ. ಯಂತ್ರದ ಮೈಗೆ ಫೇಸು ತಗುಲಿತು. 230ನ್ನು 3ರಿಂದ ಭಾಗಿಸಿದರೆ ಸುಮಾರು 77 ಆಂಪಿಯರು. 63 ಆಂಪಿಯರಿನ ಎಂಸಿಬಿ ಇಷ್ಟಕ್ಕೆ ತಕ್ಷಣ ಬೀಳುವುದಿಲ್ಲ, ಒಂದು ಗಂಟೆಯಾದರೂ ಬೀಳದೆ ಇರಬಹುದು. ಅಷ್ಟು ಹೊತ್ತೂ ಯಂತ್ರದ ಮೈಯಲ್ಲಿ 150 ವೋಲ್ಟಿಗಿಂತ ಜಾಸ್ತಿ ನಿಂತಿರುತ್ತದೆ. ಅದನ್ನು ಮುಟ್ಟುವುದು ಒಬ್ಬ ವಿದ್ಯಾರ್ಥಿ. ಪ್ರತ್ಯೇಕ ಪಿಟ್ಟು ತೋಡಿ, ಪ್ರತ್ಯೇಕ ತಾಮ್ರದ ತಂತಿ ಎಳೆಯಿರಿ, ತೊಂದರೆಯಿಲ್ಲ. ಆದರೆ ಅದನ್ನು ಮುಖ್ಯ ಅರ್ಥ್ ಬಸ್‌ಬಾರಿಗೆ ಒಂದು ಕಡೆ ಗಟ್ಟಿಯಾಗಿ ಸೇರಿಸಿಯೇ ತೀರಬೇಕು.

ಹಂತ 4: ಫೀಡರ್ ಬೇರೆ ಮಾಡಿ

ನಕ್ಷೆಯಲ್ಲಿ ಕೆಂಪು ಗುರುತು ಹಾಕಿದ ಡಿಬಿಗಳ ಸರದಿ ಈಗ. ಲಿಫ್ಟು, ಎಸಿ ಪ್ಲಾಂಟು, ಫರ್ನೇಸುಗಳಿಗೆ ಮುಖ್ಯ ಪ್ಯಾನಲಿನಿಂದಲೇ ಬೇರೆ ಕೇಬಲ್. ಸೂಕ್ಷ್ಮ ಯಂತ್ರಗಳಿಗೆ ಬೇರೆ ಕೇಬಲ್. ಒಂದೇ ಕೇಬಲ್ ಹಂಚಿಕೊಂಡಾಗ, ಡ್ರೈವು ಎಳೆಯುವ ಕರೆಂಟು ಆ ಕೇಬಲಿನ ಉದ್ದಕ್ಕೂ ವೋಲ್ಟೇಜನ್ನು ಸೊಟ್ಟ ಮಾಡುತ್ತಾ ಬರುತ್ತದೆ. ಬೇರೆ ಮಾಡಿದರೆ ಆ ಸೊಟ್ಟ ಟಿಸಿಯ ತನಕ ಮಾತ್ರ. ಎರಡು ಟಿಸಿ ಇರುವ ಕ್ಯಾಂಪಸ್ಸಾದರೆ ಇನ್ನೂ ಸುಲಭ, ಒಂದೊಂದಕ್ಕೆ ಒಂದೊಂದು ಗುಂಪು ಕೊಡಿ.

ಹಂತ 5: ಕೆಪಾಸಿಟರ್, ಇಲ್ಲಿ ನಿಧಾನ

ಮೊದಲು ಹೇಳಿದ ಉಬ್ಬಿದ ಡಬ್ಬಿಗಳ ಲೆಕ್ಕ ಇದು. ನಮ್ಮದು 500 ಕೆವಿಎ ಟಿಸಿ, ಇಂಪೀಡೆನ್ಸ್ 5%. 500ನ್ನು 0.05ರಿಂದ ಭಾಗಿಸಿ: 10,000 ಕೆವಿಎ. ಇದು ಟಿಸಿಯ ಶಾರ್ಟ್ ಸರ್ಕಿಟ್ ಬಲ. ಪವರ್ ಫ್ಯಾಕ್ಟರ್ (ಎಳೆದ ಕೆವಿಎಯಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು) ಏರಿಸಲು ಹಾಕಿದ್ದ ಕೆಪಾಸಿಟರ್ 200 ಕೆವಿಎಆರ್ (ಕೆಲಸ ಮಾಡದೆ ಹೋಗಿ ಬರುವ ಶಕ್ತಿಯ ಅಳತೆ). 10,000ವನ್ನು 200ರಿಂದ ಭಾಗಿಸಿದರೆ 50. ಅದರ ವರ್ಗಮೂಲ 7.07.

ಅಂದರೆ ಆ ಟಿಸಿ ಮತ್ತು ಆ ಕೆಪಾಸಿಟರು ಸೇರಿ ಸರಿಯಾಗಿ 7ನೇ ಹಾರ್ಮೋನಿಕ್ಕಿಗೆ ಅನುರಣಿಸುತ್ತಿದ್ದವು. ಡ್ರೈವುಗಳು ಹುಟ್ಟಿಸುತ್ತಿದ್ದ ಪುಟ್ಟ 7ನೆಯದನ್ನು ಇವೆರಡೂ ತಮ್ಮ ನಡುವೆ ತೂಗಿ ತೂಗಿ ಹಲವು ಪಟ್ಟು ಬೆಳೆಸುತ್ತಿದ್ದವು. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಮೆಲ್ಲಗೆ ತಳ್ಳಿದರೂ ಎತ್ತರಕ್ಕೆ ಹೋಗುತ್ತದಲ್ಲ, ಹಾಗೆ. 100 ಕೆವಿಎಆರ್ ಹಾಕಿದ್ದರೆ ಇದೇ ಲೆಕ್ಕ 10 ಬರುತ್ತಿತ್ತು, ಸ್ವಲ್ಪ ವಾಸಿ. 400 ಹಾಕಿದ್ದರೆ 5 ಬಂದು ಇನ್ನೂ ಕೆಟ್ಟದಾಗುತ್ತಿತ್ತು. ನೆನಪಿಡಿ, ಎಪಿಎಫ್‌ಸಿ (ಪವರ್ ಫ್ಯಾಕ್ಟರನ್ನು ತಾನಾಗಿ ಸರಿ ಮಾಡುವ) ಪ್ಯಾನಲು ಹಂತ ಹಂತವಾಗಿ ಕೆಪಾಸಿಟರ್ ಸೇರಿಸುತ್ತದೆ. ಪ್ರತಿ ಹಂತಕ್ಕೂ ಬೇರೆ ಲೆಕ್ಕ ಹಾಕಿ ನೋಡಿ. ಯಾವ ಹಂತವೂ 5, 7, 11ರ ಹತ್ತಿರ ಬರಬಾರದು.

ನಿಮ್ಮಲ್ಲಿ ಡ್ರೈವು, ಯುಪಿಎಸ್ ಒಟ್ಟು ಲೋಡಿನ ಐದನೇ ಒಂದು ಭಾಗ ಮೀರಿದ್ದರೆ ಬರಿಯ ಕೆಪಾಸಿಟರ್ ಹಾಕುವ ಯೋಚನೆಯೇ ಬೇಡ. ಡಿಟ್ಯೂನ್ಡ್ ರಿಯಾಕ್ಟರ್ (ಕೆಪಾಸಿಟರಿನ ಜೊತೆ ಸರಣಿಯಲ್ಲಿ ಕೂರಿಸುವ ಸುರುಳಿ) ಇರುವುದನ್ನು ಹಾಕಿ. 7%ದ ರಿಯಾಕ್ಟರು ಅನುರಣನವನ್ನು 189 ಹರ್ಟ್ಸಿಗೆ ಇಳಿಸುತ್ತದೆ, 250ರ 5ನೆಯದಕ್ಕೆ ಅದು ಸಿಗುವುದಿಲ್ಲ. 3ನೆಯದು ಜಾಸ್ತಿ ಇದ್ದು ಫೇಸುಗಳೂ ಸಮವಿಲ್ಲದಿದ್ದರೆ 14%ದ್ದು ಬೇಕು, ಅದು 134 ಹರ್ಟ್ಸಿಗೆ ಇಳಿಸುತ್ತದೆ.

ಟೆಂಡರ್ ಬರೆಯುವಾಗ ತಪ್ಪುವುದು ವೋಲ್ಟೇಜಿನಲ್ಲಿ. ರಿಯಾಕ್ಟರು ಬಂದ ಮೇಲೆ ಕೆಪಾಸಿಟರಿನ ಮೇಲೆ ವೋಲ್ಟೇಜು ಏರುತ್ತದೆ. ರಾತ್ರಿ ಲೈನು 440 ಇದ್ದರೆ, 7% ರಿಯಾಕ್ಟರಿನ ಜೊತೆ ಕೆಪಾಸಿಟರಿಗೆ 473 ಬೀಳುತ್ತದೆ. ಅದರ ಮೇಲೆ ಹಾರ್ಮೋನಿಕ್ಸ್, ಅದರ ಮೇಲೆ ನಮ್ಮ ಬಿಸಿಲು. 525 ವೋಲ್ಟಿನ ಕೆಪಾಸಿಟರನ್ನೇ ಕೇಳಿ. ಆದರೆ 525 ವೋಲ್ಟಿಗೆ 25 ಕೆವಿಎಆರ್ ಎಂದು ಬರೆದದ್ದು 440ರಲ್ಲಿ ರಿಯಾಕ್ಟರಿನೊಂದಿಗೆ ಸುಮಾರು 19 ಮಾತ್ರ ಕೊಡುತ್ತದೆ. ಆ ಕೊರತೆ ಲೆಕ್ಕ ಹಾಕಿಯೇ ಸಂಖ್ಯೆ ನಿಗದಿ ಮಾಡಿ. ಒಂದೇ ಬಸ್‌ಬಾರಿನಲ್ಲಿ ರಿಯಾಕ್ಟರ್ ಇರುವವು ಕೆಲವು, ಇಲ್ಲದವು ಕೆಲವು ಎಂದು ಬೆರೆಸಬೇಡಿ. ಪ್ಯಾನಲಿನಲ್ಲಿ ಫ್ಯಾನು ಓಡುತ್ತಿದೆಯೇ, ಜಾಲರಿಯಲ್ಲಿ ಧೂಳು ಕಟ್ಟಿದೆಯೇ ನೋಡಿ. ಕೆಲಸಕ್ಕೆ ಕೈ ಹಾಕುವ ಮೊದಲು ಆಫ್ ಮಾಡಿ ಕನಿಷ್ಠ 3 ನಿಮಿಷ ಕಾದು, ವೋಲ್ಟೇಜು ಇಳಿದಿದೆ ಎಂದು ಟೆಸ್ಟರಿನಿಂದ ಖಾತ್ರಿ ಮಾಡಿಕೊಳ್ಳಿ. ಡಬ್ಬಿಯೊಳಗಿನ ರೆಸಿಸ್ಟರ್ ಸುಟ್ಟಿದ್ದರೆ ಚಾರ್ಜು ಅಲ್ಲೇ ಕೂತಿರುತ್ತದೆ.

ಇನ್ನೊಂದು ಮಾತು. ಪವರ್ ಫ್ಯಾಕ್ಟರ್ ಕಡಿಮೆ ಇರುವುದಕ್ಕೆ ಯಾವಾಗಲೂ ಕೆಪಾಸಿಟರಿನ ಕೊರತೆಯೇ ಕಾರಣವಲ್ಲ. ಕರೆಂಟಿನ ಟಿಎಚ್‌ಡಿ 40% ಇದ್ದರೆ, ಉಳಿದದ್ದೆಲ್ಲ ಸರಿಯಿದ್ದರೂ ನಿಜವಾದ ಪವರ್ ಫ್ಯಾಕ್ಟರ್ 0.93 ದಾಟುವುದಿಲ್ಲ. ಅಲ್ಲಿ ಎಷ್ಟು ಕೆಪಾಸಿಟರ್ ಸುರಿದರೂ ಪ್ರಯೋಜನವಿಲ್ಲ.

ಹಂತ 6: ಹುಟ್ಟುವಲ್ಲೇ ತಡೆಯಿರಿ

ಚೋಕ್ (ಕರೆಂಟು ಗಬಕ್ಕನೆ ಏರುವುದನ್ನು ತಡೆಯುವ ಸುರುಳಿ) ಇಲ್ಲದ ಸಣ್ಣ ಡ್ರೈವಿನ ಕರೆಂಟಿನಲ್ಲಿ ಟಿಎಚ್‌ಡಿ 80% ಮೀರುವುದು ಸಾಮಾನ್ಯ. ಅದರ ಮುಂದೆ 3%ದ ಲೈನ್ ಚೋಕ್ ಹಾಕಿದರೆ ಪೂರ್ತಿ ಲೋಡಿನಲ್ಲಿ ಸುಮಾರು 40%ಕ್ಕೆ ಇಳಿಯುತ್ತದೆ, 5%ದ್ದು ಹಾಕಿದರೆ ಇನ್ನೂ ಸ್ವಲ್ಪ. ಹಾಕಿದ ಹಣಕ್ಕೆ ಇಷ್ಟು ಲಾಭ ಕೊಡುವ ಸಾಮಾನು ಬೇರೆ ಇಲ್ಲ. ಹೊಸ ಡ್ರೈವು ಕೊಳ್ಳುವಾಗ ಚೋಕ್ ಒಳಗೇ ಇದೆಯೇ ಎಂದು ಕೇಳಿ, ಆರ್ಡರಿನಲ್ಲೇ ಬರೆಸಿ.

ಹಳೆಯ ಥೈರಿಸ್ಟರ್ ಯುಪಿಎಸ್ 30%ದ ಆಸುಪಾಸು ಕೊಳೆ ಮಾಡುತ್ತದೆ. ಐಜಿಬಿಟಿ ರೆಕ್ಟಿಫೈಯರ್ ಇರುವ ಹೊಸದು ಪೂರ್ತಿ ಲೋಡಿನಲ್ಲಿ 5%ಕ್ಕಿಂತ ಕಡಿಮೆ. ಬ್ಯಾಟರಿ ಬದಲಿಸುವ ಹೊತ್ತಿಗೆ ಯುಪಿಎಸ್ಸನ್ನೇ ಬದಲಿಸುವ ಯೋಚನೆ ಮಾಡಿ.

ಮಫಲ್ ಫರ್ನೇಸಿನ ಕಂಟ್ರೋಲರನ್ನು ಬಿಚ್ಚಿ ನೋಡಿ. ಅಲೆಯನ್ನು ನಡುವೆ ಕತ್ತರಿಸುವ ಫೇಸ್ ಆ್ಯಂಗಲ್ ಮಾದರಿಯಾದರೆ, ಅಲೆ ಸೊನ್ನೆಗೆ ಬಂದಾಗ ಮಾತ್ರ ಆನ್ ಆಫ್ ಆಗುವ ಮಾದರಿಗೆ ಬದಲಿಸಬಹುದೇ ಎಂದು ಕಂಪನಿಯನ್ನು ಕೇಳಿ. ಫರ್ನೇಸು ನಿಧಾನಕ್ಕೆ ಬಿಸಿಯಾಗುವ ವಸ್ತು, ಅದಕ್ಕೆ ಯಾವ ವ್ಯತ್ಯಾಸವೂ ಗೊತ್ತಾಗುವುದಿಲ್ಲ. ಪಕ್ಕದ ಎಚ್‌ಪಿಎಲ್‌ಸಿಗೆ ಗೊತ್ತಾಗುತ್ತದೆ.

ಹಂತ 7: ಆ್ಯಕ್ಟಿವ್ ಫಿಲ್ಟರ್

ಇಷ್ಟೆಲ್ಲ ಆದ ಮೇಲೆ ಮತ್ತೊಮ್ಮೆ ಅಳೆಯಿರಿ. ಎಷ್ಟೋ ಕಡೆ ಫಿಲ್ಟರೇ (ಹಾರ್ಮೋನಿಕ್ಸಿಗೆ ಉಲ್ಟಾ ಕರೆಂಟು ಬಿಟ್ಟು ಅವನ್ನು ಕಳೆಯುವ ಪೆಟ್ಟಿಗೆ) ಬೇಕಾಗುವುದಿಲ್ಲ. ಬೇಕಾದರೆ, ಅದು ಕೆವಿಎಗೆ ಅಲ್ಲ, ಆಂಪಿಯರಿಗೆ ಮಾರಾಟವಾಗುತ್ತದೆ. ಉದಾಹರಣೆಗೆ ಮುಖ್ಯ ಕರೆಂಟು 300, 5ನೆಯದು 60, 7ನೆಯದು 35, 11ನೆಯದು 20 ಆಂಪಿಯರು ಎಂದಿಟ್ಟುಕೊಳ್ಳಿ. ಹಾರ್ಮೋನಿಕ್ಕುಗಳನ್ನು ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 72. ಇದಕ್ಕೆ 100 ಆಂಪಿಯರಿನ ಫಿಲ್ಟರ್ ಸರಿ. ನಮ್ಮ ಬಿಸಿಗೆ ಫಿಲ್ಟರಿನ ಶಕ್ತಿಯೂ ಕುಗ್ಗುತ್ತದೆ, 45 ಡಿಗ್ರಿಗೆ ಎಷ್ಟು ಆಂಪಿಯರು ಕೊಡುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ. 3ನೆಯದನ್ನೂ ತೆಗೆಯಬೇಕಿದ್ದರೆ ನ್ಯೂಟ್ರಲ್ ಸೇರಿದ ನಾಲ್ಕು ತಂತಿಯ ಮಾದರಿಯೇ ಬೇಕು. ಸಿಟಿಯ ದಿಕ್ಕು ಉಲ್ಟಾ ಆದರೆ ಫಿಲ್ಟರು ಕೊಳೆ ಕಳೆಯುವ ಬದಲು ಕೂಡಿಸುತ್ತದೆ. ಚಾಲೂ ಮಾಡಿದ ದಿನವೇ, ಆಫ್ ಇದ್ದಾಗ ಮತ್ತು ಆನ್ ಇದ್ದಾಗ ಎರಡೂ ಅಲೆಗಳ ಚಿತ್ರ ತೆಗೆದು ಫೈಲಿನಲ್ಲಿಡಿ.

ಹಂತ 8: ಜನರೇಟರ್ ಮತ್ತು ಸೋಲಾರ್

ಟಿಸಿಯಲ್ಲಿ ಚೆನ್ನಾಗಿದ್ದ ಲ್ಯಾಬು ಜನರೇಟರಿಗೆ ಬಂದ ಕೂಡಲೇ ಹದಗೆಡುತ್ತದೆ. ಟಿಸಿಯ ಇಂಪೀಡೆನ್ಸ್ 5% ಇದ್ದರೆ ಜನರೇಟರಿನ ಒಳ ರಿಯಾಕ್ಟೆನ್ಸ್ 12ರಿಂದ 15%. ಅದೇ ಕೊಳೆ ಕರೆಂಟಿಗೆ ವೋಲ್ಟೇಜು ಎರಡೂವರೆ, ಮೂರು ಪಟ್ಟು ಸೊಟ್ಟಗಾಗುತ್ತದೆ. ಆಗ ಯುಪಿಎಸ್ "ಇನ್‌ಪುಟ್ ಸರಿಯಿಲ್ಲ" ಎಂದು ಬ್ಯಾಟರಿಗೆ ಹೋಗುತ್ತದೆ, ವಾಪಸು ಬರುತ್ತದೆ, ಮತ್ತೆ ಹೋಗುತ್ತದೆ. ಹಾಗಾಗಿ ಅನಲೈಜರ್ ಕಟ್ಟಿದ ವಾರದಲ್ಲಿ ಒಂದು ಗಂಟೆ ಜನರೇಟರ್ ಮೇಲೂ ಓಡಿಸಿ. ಜನರೇಟರ್ ಓಡುವಾಗ ಕೆಪಾಸಿಟರ್ ಪ್ಯಾನಲು ತಾನಾಗಿ ಆಫ್ ಆಗುವಂತೆ ಇಂಟರ್‌ಲಾಕ್ ಮಾಡಿಸಿ. ಲೋಡು ಕಡಿಮೆ ಇದ್ದಾಗ ಕೆಪಾಸಿಟರ್ ಜಾಸ್ತಿಯಾದರೆ ಜನರೇಟರಿನ ವೋಲ್ಟೇಜು ಕೈ ಮೀರಿ ಏರುತ್ತದೆ.

ಸೋಲಾರ್ ಹಾಕಿದ ಮೇಲೆ ಪವರ್ ಫ್ಯಾಕ್ಟರ್ ಬಿತ್ತು ಎಂಬ ದೂರು ಈಗ ಜಾಸ್ತಿ. ಲೋಡು 200 ಕಿಲೋವ್ಯಾಟ್, 66 ಕೆವಿಎಆರ್ ಇದ್ದರೆ ಪವರ್ ಫ್ಯಾಕ್ಟರ್ 0.95. ಮಧ್ಯಾಹ್ನ ಸೋಲಾರ್ 150 ಕಿಲೋವ್ಯಾಟ್ ಕೊಟ್ಟಿತು. ಲೈನಿನಿಂದ ಬರುವುದು 50 ಕಿಲೋವ್ಯಾಟ್, ಆದರೆ ಕೆವಿಎಆರ್ ಅದೇ 66. ಮೀಟರಿನಲ್ಲಿ 0.60! ಯಂತ್ರವೇನೂ ಕೆಟ್ಟಿಲ್ಲ. ಎಪಿಎಫ್‌ಸಿಯ ಸಿಟಿಯನ್ನು ಸೋಲಾರ್ ಸೇರುವ ಜಾಗಕ್ಕಿಂತ ಮೇಲೆ, ಲೈನಿನ ಕಡೆಗೆ ಇಡಿ, ಅಥವಾ ಇನ್ವರ್ಟರಿಗೇ ಕೆವಿಎಆರ್ ಕೊಡುವಂತೆ ಸೆಟ್ಟಿಂಗ್ ಮಾಡಿಸಿ.

ಹಂತ 9: ವೋಲ್ಟೇಜ್ ಕುಸಿತ ಬೇರೆ ರೋಗ

ನಮ್ಮ 11 ಕೆವಿ ಫೀಡರುಗಳಲ್ಲಿ ಪಂಪ್‌ಸೆಟ್ಟು, ದಾಲ್ ಮಿಲ್ಲು, ಊರು ಎಲ್ಲವೂ ಇರುತ್ತವೆ. ಎಲ್ಲೋ ಒಂದು ಟೊಂಗೆ ತಾಗಿದರೆ ನಿಮ್ಮಲ್ಲಿ ಅರೆಕ್ಷಣ ವೋಲ್ಟೇಜು ಕುಸಿಯುತ್ತದೆ. ದೀಪ ಮಿಣುಕುತ್ತದೆ, ಕಾಂಟ್ಯಾಕ್ಟರ್ (ಯಂತ್ರವನ್ನು ಆನ್ ಮಾಡಿ ಹಿಡಿದಿಡುವ ಸ್ವಿಚ್ಚು) ಬೀಳುತ್ತದೆ, ಮೂರು ದಿನದ ಪ್ರಯೋಗ ಹಾಳು. ಹಾರ್ಮೋನಿಕ್ ಫಿಲ್ಟರು ಇದಕ್ಕೆ ಮದ್ದಲ್ಲ. ಕಂಟ್ರೋಲ್ ಸರ್ಕಿಟಿಗೆ ಮಾತ್ರ ಸಣ್ಣ ಆನ್‌ಲೈನ್ ಯುಪಿಎಸ್ ಕೊಟ್ಟರೆ ಕಾಂಟ್ಯಾಕ್ಟರು ಬೀಳುವುದು ನಿಲ್ಲುತ್ತದೆ, ಇಡೀ ಯಂತ್ರಕ್ಕೆ ದೊಡ್ಡ ಯುಪಿಎಸ್ ಬೇಕಿಲ್ಲ. ಮೈನಸ್ 80ರ ಫ್ರೀಜರುಗಳಿಗೆ ಡಿಲೇ ಟೈಮರ್ ಹಾಕಿ, ಒಂದಕ್ಕೆ 3 ನಿಮಿಷ, ಮುಂದಿನದಕ್ಕೆ 4, ಅದರ ಮುಂದಿನದಕ್ಕೆ 5. ಇಲ್ಲದಿದ್ದರೆ ಕರೆಂಟು ಬಂದ ಕ್ಷಣ ಎಲ್ಲ ಕಂಪ್ರೆಸರುಗಳೂ ಒಟ್ಟಿಗೆ ಎದ್ದು ಮತ್ತೆ ವೋಲ್ಟೇಜು ಕುಸಿಯುತ್ತದೆ. ಕುಸಿತಗಳ ದಿನಾಂಕ, ಹೊತ್ತು, ಎಷ್ಟು ಇಳಿಯಿತು ಎಂಬ ಪಟ್ಟಿ ಅನಲೈಜರಿನಲ್ಲೇ ಸಿಗುತ್ತದೆ. ಬೇರೆ ಫೀಡರ್ ಬೇಕೆಂದು ಜೆಸ್ಕಾಂಗೆ ಅರ್ಜಿ ಕೊಡುವಾಗ ಆ ಪಟ್ಟಿ ಲಗತ್ತಿಸಿ. ಬಾಯಿಮಾತಿನ ದೂರಿಗಿಂತ ಅದಕ್ಕೆ ತೂಕ ಜಾಸ್ತಿ.

ಹಂತ 10: ಮತ್ತೆ ಅಳೆಯಿರಿ

ಮೊದಲು ಅಳೆದ ಜಾಗದಲ್ಲೇ, ಅದೇ ಥರದ ವಾರದಲ್ಲಿ ಮತ್ತೆ 7 ದಿನ ಅನಲೈಜರ್ ಕಟ್ಟಿ. ಎರಡೂ ರಿಪೋರ್ಟು ಪಕ್ಕಪಕ್ಕ ಇಟ್ಟು ಆಂಪಿಯರ್ ಹೋಲಿಸಿ. ಆಮೇಲೆ ವರ್ಷಕ್ಕೊಮ್ಮೆ, ಏಪ್ರಿಲ್ ಕೊನೆಯಲ್ಲಿ, ಎಸಿ ಪ್ಲಾಂಟು ಪೂರ್ತಿ ಓಡುವ ಮಧ್ಯಾಹ್ನ 2ರಿಂದ 4ರ ನಡುವೆ ಪ್ಯಾನಲಿನ ಬಿಸಿ ಚಿತ್ರ ತೆಗೆಯಿರಿ, ನ್ಯೂಟ್ರಲ್ ಕರೆಂಟು ಬರೆದುಕೊಳ್ಳಿ. ಹೊಸ ಯಂತ್ರ ಬಂದಾಗಲೆಲ್ಲ ಹಂತ 1ರ ಹಾಳೆಯಲ್ಲಿ ಅದರ ಹೆಸರು ಸೇರಿಸಿ, ಕೆಪಾಸಿಟರಿನ ವರ್ಗಮೂಲದ ಲೆಕ್ಕವನ್ನು ಇನ್ನೊಮ್ಮೆ ಮಾಡಿ. ಆ ಹಾಳೆಯನ್ನು ಲ್ಯಾಮಿನೇಟ್ ಮಾಡಿಸಿ ಪ್ಯಾನಲ್ ರೂಮಿನ ಬಾಗಿಲ ಒಳಗೆ ಅಂಟಿಸಿ. ನಿಮ್ಮ ನಂತರ ಆ ಕೆಲಸಕ್ಕೆ ಬರುವವರಿಗೆ ಮೊದಲ ದಿನವೇ ಅದು ಕಣ್ಣಿಗೆ ಬೀಳಲಿ.